ಲೋಕಿಯ ಓಣಿಯಲ್ಲಿ ಒಂದು ರೂಮು

ಬೆಂಗಳೂರಿನವರಿಗೆ ರೂಮು ಹುಡುಕುವುದು ಅಂದರೆ ದೂರ ಅಳೆಯುವುದು. ಮೆಜೆಸ್ಟಿಕ್‌ಗೆ ಎಷ್ಟು ಹೊತ್ತು, ಮೆಟ್ರೊ ಹತ್ತಿರ ಇದೆಯಾ, ಆಟೊದವನು ಬರ್ತಾನಾ. ಜೂನ್‌ನಲ್ಲಿ ಐದು ದಿನ ರೇಕ್ಯಾವಿಕ್‌ನಲ್ಲಿ ಇರಬೇಕು ಅಂತಾದಾಗ ನಾನೂ ಇದೇ ಅಳತೆಗೋಲು ಹಿಡಿದು ಕೂತೆ.

ಐಸ್‌ಲ್ಯಾಂಡಿನ ಈ ರಾಜಧಾನಿಗೆ ಆ ಗೋಲು ಜಾಸ್ತಿಯೇ ಉದ್ದ. ಜಗತ್ತಿನ ಸ್ವತಂತ್ರ ದೇಶಗಳ ರಾಜಧಾನಿಗಳಲ್ಲಿ ಇದೇ ತೀರಾ ಉತ್ತರದ್ದು, 64 ಡಿಗ್ರಿ. ಜನ ಒಂದೂವರೆ ಲಕ್ಷವೂ ಇಲ್ಲ. ಪೇಟೆಯ ಪಿನ್‌ಕೋಡ್ 101. ಅದರೊಳಗೆ ಎಲ್ಲಿ ಇಳಿದುಕೊಂಡರೂ ಹಳೇ ಬಂದರು, ಕೆರೆ, ಚರ್ಚು ಎಲ್ಲ ನಡಿಗೆಯಲ್ಲೇ ಮುಗಿಯುತ್ತವೆ. ಆದರೂ ನಾನು ಎರಡು ವಾರ ಒದ್ದಾಡಿದೆ. ದೊಡ್ಡ ಊರಲ್ಲಿ ತಪ್ಪು ಮಾಡಿದರೆ ಊರನ್ನು ಬೈಯಬಹುದು. ಇಷ್ಟು ಚಿಕ್ಕ ಊರಲ್ಲೂ ತಪ್ಪು ರೂಮು ಹಿಡಿದರೆ ಯಾರನ್ನು ಬೈಯೋದು?

ಮೊದಲು ಕಣ್ಣು ಬಿದ್ದದ್ದು ಲಾಯ್ಗವೆಗುರ್ ಮೇಲೆ. ಅದು ಅಲ್ಲಿನ ಮುಖ್ಯ ಅಂಗಡಿ ಬೀದಿ. ಹೆಸರಿನ ಅರ್ಥ ಬಿಸಿನೀರ ಬುಗ್ಗೆಯ ದಾರಿ. ಹಿಂದೆ ಊರಿನ ಹೆಂಗಸರು ಬಟ್ಟೆ ಗಂಟು ಹೊತ್ತು ಮೂರು ಕಿಲೋಮೀಟರ್ ಆಚೆಯ ಬುಗ್ಗೆಗೆ ಒಗೆಯಲು ಹೋಗುತ್ತಿದ್ದ ದಾರಿ ಅದು. ಈಗ ಆ ದಾರಿಯ ಪೇಟೆ ಕಡೆಯ ತುದಿಯಲ್ಲಿ ಬಾರುಗಳು. ಶುಕ್ರವಾರ, ಶನಿವಾರ ರಾತ್ರಿ ಬೆಳಗಿನ ಜಾವ ನಾಲ್ಕರವರೆಗೂ ಗಲಾಟೆಯಂತೆ. ಬೇಡಪ್ಪ ಅಂದುಕೊಂಡೆ.

ಬುಗ್ಗೆ ಇದ್ದ ಜಾಗ ಲಾಯ್ಗರ್‌ದಾಲುರ್. ಅಲ್ಲೊಂದು ದೊಡ್ಡ ಈಜುಕೊಳ, ಪಕ್ಕದಲ್ಲೇ ಟೆಂಟ್ ಹಾಕುವ ಜಾಗ. ಊರಿನವರು ಚಳಿಗಾಲದಲ್ಲೂ ಬಯಲಿನ ಬಿಸಿನೀರ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿ ಹರಟೆ ಹೊಡೆಯುತ್ತಾರೆ. ನಮ್ಮ ಅರಳಿಕಟ್ಟೆಗೆ ಬಿಸಿನೀರು ಬಿಟ್ಟ ಹಾಗೆ. ಇಳಿಯುವ ಮುಂಚೆ ಎಲ್ಲರೆದುರು ಬತ್ತಲೆಯಾಗಿ ಸೋಪು ಹಚ್ಚಿ ಸ್ನಾನ ಮಾಡಲೇಬೇಕು. ನನ್ನ ಸಂಕೋಚಕ್ಕೆ ಆ ಬಡಾವಣೆಯೂ ಹೊಡೆದುಹೋಯಿತು. ಈಗ ಅನ್ನಿಸುತ್ತದೆ, ಉಳಿಯಬೇಕಾದದ್ದು ಅಲ್ಲೇ.

ಕೊನೆಗೆ ಆರಿಸಿದ್ದು ಬೀದಿಯ ಹೆಸರು ನೋಡಿ. ನಗಬೇಡಿ. ಹಲ್ಗ್ರಿಮ್ಸ್‌ಕಿರ್ಕ್ಯ ಎಂಬ 74.5 ಮೀಟರ್ ಎತ್ತರದ ಚರ್ಚಿನ ಬುಡದಲ್ಲಿ ಹಳೇ ನಾರ್ಸ್ ಪುರಾಣದ ದೇವರುಗಳ ಹೆಸರಿನ ಬೀದಿಗಳಿವೆ. ಓಡಿನ್‌ಗೆ ಒಂದು, ಗುಡುಗಿನ ದೇವರು ಥಾರ್‌ಗೆ ಒಂದು, ಫ್ರೇಯಾಗೆ ಒಂದು. ತಂಟೆಕೋರ ಲೋಕಿಗೂ ಒಂದು ಚಿಕ್ಕ ಓಣಿ, ಅದೂ ಥಾರ್‌ನ ಬೀದಿಯ ಪಕ್ಕದಲ್ಲೇ. ನಾರದರ ಹೆಸರಲ್ಲಿ ಕ್ರಾಸ್ ಇದ್ದರೆ ಬಿಡೋಕಾಗುತ್ತಾ? ಲೋಕಸ್ಟೀಗುರ್‌ನಲ್ಲೇ ರೂಮು ಹಿಡಿದೆ. ತಗಡಿನ ಗೋಡೆಗೆ ಕೆಂಪು ಬಣ್ಣ ಬಳಿದ ಮನೆ.

ಚರ್ಚು ಇರುವುದು ಗುಡ್ಡದ ಮೇಲೆ ಅನ್ನೋದು ನಕ್ಷೆಯಲ್ಲಿ ಕಾಣಲಿಲ್ಲ. ದೊಡ್ಡ ಬಸ್ಸುಗಳನ್ನು ಪೇಟೆಯೊಳಗೆ ಬಿಡುವುದಿಲ್ಲ ಅನ್ನೋದೂ ಗೊತ್ತಿರಲಿಲ್ಲ. ಬಸ್ಸು ಕೆಳಗಡೆ ಇಳಿಸಿತು. ಇಪ್ಪತ್ಮೂರು ಕೇಜಿ ಸೂಟ್‌ಕೇಸು, ಎದುರುಗಾಳಿ, ಅಡ್ಡಮಳೆ. ಕೊಡೆ ಬಿಚ್ಚಿದ ಕ್ಷಣವೇ ತಿರುಗಿಕೊಂಡಿತು. ಇಡೀ ಬೀದಿಯಲ್ಲಿ ಕೊಡೆ ಹಿಡಿದವನು ನಾನೊಬ್ಬನೇ ಅಂತ ಆಗ ಗಮನಕ್ಕೆ ಬಂತು.

ರೂಮು ಸೇರಿದ ಕೂಡಲೇ ಹಸಿವು. ಪೆಟ್ಟಿಗೆಯಲ್ಲಿ ಅವಲಕ್ಕಿ, ಗೊಜ್ಜಿನ ಪುಡಿ ಇತ್ತು. ನಲ್ಲಿಯಲ್ಲಿ ಕೈ ಸುಡುವ ನೀರು ಬರುತ್ತಿರುವಾಗ ಕೆಟಲ್ ಯಾಕೆ ಅಂತ ಅದರಲ್ಲೇ ನೆನೆಸಿದೆ. ಮುಚ್ಚಳ ತೆಗೆದರೆ ಬೇಯಿಸಿದ ಮೊಟ್ಟೆಯ ವಾಸನೆ! ಅದು ಭೂಮಿಯ ಶಾಖದ ನೀರು, ಗಂಧಕದ ವಾಸನೆ ಇರುತ್ತದೆ. ಮೈಗೆ ಸೊಗಸು, ಬಾಯಿಗಲ್ಲ. ಕುಡಿಯಲು ತಣ್ಣೀರ ನಲ್ಲಿಯೇ ಬೇರೆ. ಅದರ ನೀರು ಎಷ್ಟು ಚೆನ್ನಾಗಿತ್ತು ಅಂದರೆ ಬಾಟಲಿ ಕೊಳ್ಳುವುದನ್ನೇ ಬಿಟ್ಟೆ. ಆ ಅವಲಕ್ಕಿಯನ್ನು ಮಾತ್ರ ಮೂಗು ಹಿಡಿದು ತಿಂದೆ. ಆ ಊರಿನ ಹೋಟೆಲ್ ಬಿಲ್ ನೋಡಿದವರು ಅವಲಕ್ಕಿ ಚೆಲ್ಲುವುದಿಲ್ಲ.

ನಿದ್ದೆಯದು ಇನ್ನೊಂದು ಕತೆ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಮಧ್ಯರಾತ್ರಿಗೆ, ಮೂರಕ್ಕೆಲ್ಲ ಮತ್ತೆ ಹಾಜರು. ಪರದೆ ದಪ್ಪಗಿದೆಯಾ ಅಂತ ಕೇಳಬೇಕಿತ್ತು. ನಾನು ಕೇಳಿದ್ದು ವೈಫೈ ಬಗ್ಗೆ. ಪಂಚೆಯನ್ನು ಕಿಟಕಿಗೆ ಸಿಕ್ಕಿಸಿ ಮಲಗಿದೆ. ಬಾರುಗಳ ಸದ್ದು ನಿಜಕ್ಕೂ ಇಲ್ಲಿಗೆ ಕೇಳಲಿಲ್ಲ. ಆದರೆ ನಾಲ್ಕು ಗಂಟೆಗೆ ಓಣಿಯಲ್ಲಿ ಗಡಗಡ ಗಡಗಡ. ಥಾರ್ ಎದ್ದನೇನೋ ಅಂತ ಪಂಚೆ ಸರಿಸಿ ನೋಡಿದೆ. ಸೂಟ್‌ಕೇಸಿನ ಚಕ್ರ. ವಿಮಾನ ನಿಲ್ದಾಣ 50 ಕಿಲೋಮೀಟರ್ ದೂರ, ಬೆಳಗಿನ ವಿಮಾನ ಹಿಡಿಯುವವರೆಲ್ಲ ಅದೇ ಹೊತ್ತಿಗೆ ಬಸ್ಸಿಗೆ ಹೊರಡುತ್ತಾರೆ. ದಿನಾ ಬೈದುಕೊಂಡೆ, ಎತ್ತಿಕೊಂಡು ಹೋಗೋಕೇನು ಇವರಿಗೆ ಅಂತ.

ಐದನೇ ರಾತ್ರಿ ಕಳೆಯಿತು. ನಾಲ್ಕಕ್ಕೆ ಬಾಗಿಲು ಎಳೆದುಕೊಂಡು ಹೊರಗೆ ಬಂದೆ. ಬೆಳಕು ಆಗಲೇ ಹರಡಿತ್ತು. ಸೂಟ್‌ಕೇಸನ್ನು ಹತ್ತು ಹೆಜ್ಜೆ ಎತ್ತಿಕೊಂಡೇ ನಡೆದೆ. ಹನ್ನೊಂದನೇ ಹೆಜ್ಜೆಗೆ ಕೆಳಗಿಟ್ಟೆ. ಗಡಗಡ ಗಡಗಡ. ಎದುರು ಮನೆಯ ಮೇಲಿನ ಕಿಟಕಿಯಲ್ಲಿ ಪರದೆ ಸರಿಯಿತು.