ಕುರ್ಚಿಗೆ ಬ್ಯಾಂಡೇಡ್

ಕೆಲವು ವಾರಗಳ ಹಿಂದೆ ಒಂದು ಬೆಳಿಗ್ಗೆ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ನನ್ನ ಕಾಲಿನ ಕಿರುಬೆರಳು ಕುರ್ಚಿಯ ಕಾಲಿಗೆ ಬಡಿಯಿತು. ನೋವಾದರೆ ಪ್ರಾಣ ಬಾಯಿಗೆ ಬರುತ್ತೆ ಅಂತಾರೆ. ನನ್ನದು ಸೀದಾ ಕಿರುಬೆರಳಿಗೆ ಹೋಗಿ ಕೂತಿತು. ಒಂಟಿ ಕಾಲಲ್ಲಿ ಕುಣಿಯುತ್ತಾ, ಕುರ್ಚಿಗೂ ಅದನ್ನು ಅಲ್ಲಿ ಇಟ್ಟವರಿಗೂ ಸೇರಿಸಿ ಬೈದೆ. ಇಟ್ಟವನು ನಾನೇ ಅನ್ನೋದು ಆಮೇಲೆ ನೆನಪಾಯಿತು.

ನನ್ನ ಕೂಗು ಕೇಳಿ ಮಗಳು ಓಡಿ ಬಂದಳು. ನಾಲ್ಕು ವರ್ಷದವಳು. ಬಂದವಳೇ ಪರಿಸ್ಥಿತಿ ನೋಡಿದಳು, ವಾಪಸ್ ಓಡಿದಳು, ಔಷಧಿ ಡಬ್ಬಿಯಿಂದ ಒಂದು ಬ್ಯಾಂಡೇಡ್ ಹಿಡಿದು ಮತ್ತೆ ಬಂದಳು. ಆ ನೋವಿನಲ್ಲೂ ನನ್ನ ಎದೆ ಉಬ್ಬಿತು. ಕಾಲು ಮುಂದೆ ಚಾಚಿದೆ. ಅವಳು ನೆಲದ ಮೇಲೆ ಕೂತು, ನಾಲಿಗೆ ಸ್ವಲ್ಪ ಹೊರಗಿಟ್ಟು, ಬ್ಯಾಂಡೇಡಿನ ಹಿಂದಿನ ಕಾಗದ ಬಿಡಿಸಿದಳು. ಒಂದು ತುದಿ ಅವಳ ಹೆಬ್ಬೆರಳಿಗೆ ಅಂಟಿಕೊಂಡಿತು. ಅದನ್ನು ಬಿಡಿಸುವಾಗ ಇನ್ನೊಂದು ತುದಿ ಫ್ರಾಕಿಗೆ ಅಂಟಿತು. ಎಲ್ಲಾ ಬಿಡಿಸಿಕೊಂಡು, ನನ್ನ ಕಾಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಕುರ್ಚಿಯ ಕಾಲಿಗೆ ಅಂಟಿಸಿದಳು. ಮೂರು ಸಲ ಉಫ್ ಅಂತ ಊದಿದಳು.

ಆಮೇಲೆ ತಲೆಯೆತ್ತಿ ನನ್ನ ಕಡೆ ನೋಡಿ, “ನೋಡ್ಕೊಂಡು ಹೋಗ್ಬಾರ್ದಾ ಅಪ್ಪಾ? ಪಾಪ, ಎಷ್ಟು ಜೋರಾಗಿ ಒದ್ದೆ ಅದಕ್ಕೆ!” ಅಂದಳು.

ಆಫೀಸಿನಲ್ಲಿ ಕುಂಟುತ್ತಾ ಓಡಾಡಿದೆ. ಸುಮ್ನೆ ನೆಟ್ಟಗೆ ನಡೆಯಬಹುದಿತ್ತು, ಅಷ್ಟೇನೂ ನೋವಿರಲಿಲ್ಲ. ಆದರೆ ಕುಂಟಿದರೆ ತಾನೇ ಯಾರಾದರೂ “ಏನಾಯ್ತು?” ಅಂತ ಕೇಳೋದು? ಅವರು ಕೇಳಿದರೆ ತಾನೇ ನಾನು ಮಗಳ ಕತೆ ಹೇಳೋದು? ಮಧ್ಯಾಹ್ನದ ಹೊತ್ತಿಗೆ ಆರು ಜನಕ್ಕೆ ಹೇಳಿಯಾಗಿತ್ತು. ಒಂದೊಂದು ಸಲಕ್ಕೂ ಕತೆ ಸ್ವಲ್ಪ ಸ್ವಲ್ಪ ಬೆಳೆಯಿತು. ಆರನೆಯವರಿಗೆ ಹೇಳುವಾಗ ಮಗಳ ಕಣ್ಣಲ್ಲಿ ನೀರು ತುಂಬಿತ್ತು. ನಿಜಕ್ಕೂ ತುಂಬಿದ್ದು ನನ್ನ ಕಣ್ಣಲ್ಲಿ, ಅದೂ ಬೆರಳಿನ ದೆಸೆಯಿಂದ.

ಕೇಳಿದವರು “ಹೌದಾ, ಪಾಪ, ಎಷ್ಟು ಮುದ್ದು” ಅಂದರು. ಅಂದ ಮರುಕ್ಷಣವೇ “ನಮ್ಮವನು ಏನು ಮಾಡಿದ ಗೊತ್ತಾ...” ಅಂತ ಶುರು ಮಾಡಿದರು. ಹೆತ್ತವರಿಗೆ ಹೆಗ್ಗಣ ಮುದ್ದು ಅಲ್ವಾ? ಮಕ್ಕಳಿರುವ ಇಬ್ಬರು ಮಾತಿಗೆ ನಿಂತರೆ ಅಲ್ಲಿ ಕೇಳುವವರು ಯಾರೂ ಇರುವುದಿಲ್ಲ. ಒಬ್ಬರು ಹೇಳುತ್ತಿರುತ್ತಾರೆ, ಇನ್ನೊಬ್ಬರು ತಮ್ಮ ಸರದಿ ಕಾಯುತ್ತಿರುತ್ತಾರೆ. ನಾನೂ ಅವರ ಹೆಗ್ಗಣದ ಕತೆಗೆ ತಲೆಯಾಡಿಸಿದೆ. ಒಂದು ಮಾತೂ ನೆನಪಿಲ್ಲ.

ಮನೆಗೆ ಬಂದು “ಕರುಣೆ ಅವಳಿಗೆ ನನ್ನಿಂದಲೇ ಬಂದಿದ್ದು” ಅಂದೆ. ಹೆಂಡತಿ ಏನೂ ಹೇಳಲಿಲ್ಲ. ಹುಬ್ಬನ್ನು ಮಾತ್ರ ಒಂದು ಸಲ ಮೇಲೆತ್ತಿ ಇಳಿಸಿದಳು. ಹಿಂದಿನ ವಾರವಷ್ಟೇ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗಾಗಿ ನಾನು ಜಗಳ ಆಡಿದ್ದನ್ನು ಅವಳು ಪಕ್ಕದಲ್ಲೇ ನಿಂತು ನೋಡಿದ್ದಳು.

ಮಗಳ ಕರುಣೆಗೆ ಇನ್ನೊಂದು ಮುಖವೂ ಇದೆ. ಅದರ ಖರ್ಚೆಲ್ಲ ನನ್ನ ತಲೆಗೆ. ಕಳೆದ ಮಳೆಗಾಲದಲ್ಲಿ ಇಬ್ಬರೂ ಬಸ್ ಸ್ಟಾಪಿನಲ್ಲಿ ನಿಂತಿದ್ದೆವು. ಪಕ್ಕದಲ್ಲೊಬ್ಬರು ವಯಸ್ಸಾದ ಹೆಂಗಸು, ಕೈಯಲ್ಲಿ ಎರಡು ಚೀಲ, ತಲೆ ಮೇಲೆ ಸೆರಗು. ಮಳೆ ಜೋರಾಯಿತು. ಮಗಳು ನನ್ನ ಕೈಯಿಂದ ಛತ್ರಿ ಕಿತ್ತುಕೊಂಡು “ಅಜ್ಜಿ, ಇದು ನಿಮಗೆ” ಅಂತ ಕೊಟ್ಟೇಬಿಟ್ಟಳು. ಅವರು ಬೇಡ ಬೇಡ ಅಂದರು. ಅವರು ಒಂದು ಸಲ ಬೇಡ ಅಂದಾಗ ನನಗೆ ಆಸೆ ಚಿಗುರಿತು. ಆದರೆ ಸುತ್ತ ನಿಂತ ಹತ್ತು ಜನ ನನ್ನ ಮಗಳನ್ನೇ ಮೆಚ್ಚುಗೆಯಿಂದ ನೋಡುತ್ತಿದ್ದರು. ಆ ನೋಟದ ಮುಂದೆ ಛತ್ರಿ ವಾಪಸ್ ಇಸ್ಕೊಳ್ಳೋ ಎದೆಗಾರಿಕೆ ಯಾವ ಅಪ್ಪನಿಗಿದೆ? “ಪರವಾಗಿಲ್ಲ ತಗೊಳ್ಳಿ ಅಮ್ಮಾ, ಮಗು ಆಸೆಪಟ್ಟು ಕೊಡ್ತಿದೆ” ಅಂದೆ. ಅವರ ಬಸ್ ಬಂತು. ಅವರೂ ನನ್ನ ಛತ್ರಿಯೂ ಹೋದರು.

ಸ್ಟಾಪಿನಿಂದ ಮನೆಯವರೆಗೆ ನೆನೆದುಕೊಂಡೇ ನಡೆದೆವು. ಬಾಗಿಲು ತೆಗೆದ ಹೆಂಡತಿ ನಮ್ಮಿಬ್ಬರ ಕಾಲಡಿ ಆಗುತ್ತಿದ್ದ ಕೆರೆ ನೋಡಿದಳು. “ಛತ್ರಿ?” ಅಂದಳು. ನಾನು ಹೆಮ್ಮೆಯಿಂದ, ಹಲ್ಲು ಕಟಕಟ ಅನ್ನುತ್ತಿದ್ದರೂ, ನಡೆದದ್ದೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿ, “ಸರಿ, ಅವಳ ಪುಟ್ಟ ಛತ್ರಿ ಬ್ಯಾಗಿನಲ್ಲಿ ಇಟ್ಟಿದ್ದೆನಲ್ಲ, ಅದು?” ಅಂದಳು.

ನಾನು ಮಗಳ ಕಡೆ ತಿರುಗಿದೆ. ಅವಳು ಬ್ಯಾಗನ್ನು ಎದೆಗವಚಿಕೊಂಡು, “ಅದು ಹೊಸದು ಅಪ್ಪಾ. ಮಳೇಲಿ ಒದ್ದೆಯಾಗಿಬಿಡುತ್ತೆ” ಅಂದಳು.

ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಅನ್ನೋ ಗಾದೆ ಕಟ್ಟಿದವರ ಮನೆಯಲ್ಲೂ ನಾಲ್ಕು ವರ್ಷದ ಮಗು ಇದ್ದಿರಬೇಕು.

ಇಷ್ಟಾದರೂ ನನ್ನ ಹೆಮ್ಮೆ ಇಳಿಯಲಿಲ್ಲ. ನನ್ನ ಮಗಳು ಎಲ್ಲರ ಹಾಗಲ್ಲ ಅನ್ನುವುದಕ್ಕೆ ವಿಜ್ಞಾನದಲ್ಲಿ ಏನಾದರೂ ಆಧಾರ ಸಿಗುತ್ತಾ ಅಂತ ಒಂದು ರಾತ್ರಿ ಹುಡುಕುತ್ತಾ ಕೂತೆ. ಅದೇ ತಪ್ಪಾಯಿತು ನೋಡಿ. 2006ರಲ್ಲಿ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ ಅನ್ನೋ ಇಬ್ಬರು ಸಂಶೋಧಕರು 18 ತಿಂಗಳಿನ 24 ಮಕ್ಕಳನ್ನು ಪರೀಕ್ಷೆ ಮಾಡಿದ್ದರಂತೆ. ಒಬ್ಬ ಅಪರಿಚಿತ ಬಟ್ಟೆ ಒಣಹಾಕುತ್ತಾ ಕ್ಲಿಪ್ಪು ಕೆಳಗೆ ಬೀಳಿಸಿ, ಕೈಗೆಟುಕದೆ ಒದ್ದಾಡುವ ಹಾಗೆ ನಟಿಸುತ್ತಾನೆ. ಎರಡೂ ಕೈಯಲ್ಲಿ ಮ್ಯಾಗಜೀನ್ ಹೊತ್ತು ಬೀರುವಿನ ಬಾಗಿಲಿಗೆ ಡಿಕ್ಕಿ ಹೊಡೆಯುತ್ತಾನೆ. ಯಾರೂ ಕೇಳದಿದ್ದರೂ ಮಕ್ಕಳು ಹೋಗಿ ಕ್ಲಿಪ್ಪು ಎತ್ತಿ ಕೊಟ್ಟವು, ಬಾಗಿಲು ತೆರೆದವು. 24ರಲ್ಲಿ 22 ಮಕ್ಕಳು ಒಂದು ಸಲವಾದರೂ ಸಹಾಯ ಮಾಡಿದವು. ಅವನು ಬೇಕೂಂತಲೇ ಕ್ಲಿಪ್ಪು ಎಸೆದಾಗ ಮಾತ್ರ ಎತ್ತಿಕೊಡುವ ಗೋಜಿಗೆ ಅಷ್ಟಾಗಿ ಹೋಗಲಿಲ್ಲ. ಜಾಣ ಮಕ್ಕಳು.

ಅಂದರೆ ನೆಟ್ಟಗೆ ಮಾತು ಬಾರದ ಮಕ್ಕಳೆಲ್ಲ ಮಾಡುವುದನ್ನೇ ನನ್ನ ಮಗಳೂ ಮಾಡುತ್ತಿರುವುದು. ಮುಂದೆ ಓದಿದರೆ ಅದೇ ಪರೀಕ್ಷೆಯಲ್ಲಿ ಮೂರು ಎಳೆಯ ಚಿಂಪಾಂಜಿಗಳೂ ಕೆಳಗೆ ಬಿದ್ದ ವಸ್ತು ಎತ್ತಿಕೊಟ್ಟಿದ್ದವಂತೆ. ಲ್ಯಾಪ್‌ಟಾಪ್ ಮುಚ್ಚಿದೆ. ಚಿಂಪಾಂಜಿಯ ವಿಷಯ ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ.

ಅಲ್ಲಿಗೇ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಇರುವ ಒಳ್ಳೆಯ ಗುಣಕ್ಕೆ ಸ್ವಲ್ಪ ನೀರು ಗೊಬ್ಬರ ಹಾಕೋಣ ಅಂತ ಗೋಡೆಗೆ ಒಂದು ಚಾರ್ಟ್ ಅಂಟಿಸಿದೆ. ಯಾರಿಗಾದರೂ ಸಹಾಯ ಮಾಡಿದರೆ ಒಂದು ಬಂಗಾರದ ಬಣ್ಣದ ಸ್ಟಾರ್. ಹತ್ತು ಸ್ಟಾರಿಗೆ ಒಂದು ಆಟದ ಸಾಮಾನು. ಮೊದಲ ವಾರ ಮನೆ ಸ್ವರ್ಗವಾಗಿತ್ತು. ಅಮ್ಮನಿಗೆ ಚಮಚ ತಂದುಕೊಟ್ಟಳು, ಸ್ಟಾರ್. ನನ್ನ ಚಪ್ಪಲಿ ಜೋಡಿಸಿಟ್ಟಳು, ಸ್ಟಾರ್. ನಿದ್ದೆ ಮಾಡುತ್ತಿದ್ದ ನನ್ನನ್ನು ಎಬ್ಬಿಸಿ ನೀರು ಕುಡಿಸಿದಳು, ಸ್ಟಾರ್.

ಎರಡನೇ ವಾರ ಕಿಟಕಿಯಿಂದ ಸುಮ್ನೆ ಹೊರಗೆ ನೋಡುತ್ತಿದ್ದೆ. ಪಕ್ಕದ ಮನೆಯ ಪುಟ್ಟ ಹುಡುಗ ನಿಂತಿದ್ದ. ನನ್ನ ಕರುಣಾಳು ಮಗಳು ಹಿಂದಿನಿಂದ ಬಂದು ಅವನನ್ನು ದಬ್ಬಿದಳು. ಅವನು ಮರಳಿನ ಮೇಲೆ ಬಿದ್ದ. ಅವಳು ತಕ್ಷಣ “ಅಯ್ಯೋ ಪಾಪ” ಅಂತ ಓಡಿ, ಕೈ ಹಿಡಿದು ಎತ್ತಿ, ಮಂಡಿ ಒರೆಸಿ, ತನ್ನ ಫ್ರಾಕಿನ ತುದಿಯಿಂದ ಅವನ ಮೂಗನ್ನೂ ಒರೆಸಿದಳು. ಆಮೇಲೆ ಕಿಟಕಿಯ ಕಡೆ ತಿರುಗಿ ಕೂಗಿದಳು: “ಅಪ್ಪಾ, ಒಂದು ಸ್ಟಾರ್!”

ನಾನು ಬೈಯಲು ಬಾಯಿ ತೆರೆಯುವ ಮೊದಲೇ ಆ ಹುಡುಗ ಅಂದ: “ಈಗ ನನ್ನ ಚಾನ್ಸು. ನೀನು ಬೀಳು.”

ಆ ರಾತ್ರಿ ಮತ್ತೆ ಲ್ಯಾಪ್‌ಟಾಪ್ ತೆಗೆದೆ. ಅದೇ ಇಬ್ಬರು 2008ರಲ್ಲಿ ಇನ್ನೊಂದು ಪರೀಕ್ಷೆ ಮಾಡಿದ್ದರಂತೆ, 20 ತಿಂಗಳಿನ ಮಕ್ಕಳ ಮೇಲೆ. ಸಹಾಯ ಮಾಡಿದ್ದಕ್ಕೆ ಆಟದ ಸಾಮಾನು ಕೊಟ್ಟು ರೂಢಿ ಮಾಡಿಸಿದ ಮಕ್ಕಳು ಆಮೇಲೆ ಸಹಾಯ ಮಾಡುವುದನ್ನೇ ಕಡಿಮೆ ಮಾಡಿದವು. ಬರೀ ಹೊಗಳಿಸಿಕೊಂಡ ಮಕ್ಕಳೂ, ಏನೂ ಸಿಗದ ಮಕ್ಕಳೂ ಮೊದಲಿನ ಹಾಗೇ ಎದ್ದು ಹೋಗಿ ಎತ್ತಿಕೊಡುತ್ತಿದ್ದವು. ಇದನ್ನು ಚಾರ್ಟ್ ಅಂಟಿಸುವ ಮೊದಲೇ ಓದಬಾರದಿತ್ತಾ ನಾನು? ಚಾರ್ಟ್ ಕಿತ್ತೆ. ಅದರ ಜೊತೆ ಗೋಡೆಯ ಬಣ್ಣವೂ ಕಿತ್ತು ಬಂತು. ಹೆಂಡತಿ ಮತ್ತೆ ಹುಬ್ಬು ಎತ್ತಿದಳು.

ನಿನ್ನೆ ರಾತ್ರಿ ನೀರು ಕುಡಿಯಲು ಎದ್ದೆ. ಕತ್ತಲು. ಅದೇ ಕುರ್ಚಿ, ಅದೇ ಕಿರುಬೆರಳು. ಈ ಸಲ ಉಗುರಿನ ಪಕ್ಕ ರಕ್ತ ಬಂತು. ಕೂಗಿದರೆ ಎಲ್ಲರೂ ಎದ್ದಾರು ಅಂತ ಬಾಯಿ ಮುಚ್ಚಿಕೊಂಡು ಔಷಧಿ ಡಬ್ಬಿ ತೆರೆದೆ. ಬ್ಯಾಂಡೇಡ್ ಒಂದೂ ಇಲ್ಲ. ಲೈಟ್ ಹಾಕಿ ನೋಡಿದರೆ, ಗೊಂಬೆಯ ಕಿವಿಗೊಂದು, ಮುರಿದ ಬಾಚಣಿಗೆಗೊಂದು, ಬಣ್ಣ ಕಿತ್ತ ಗೋಡೆಗೆ ಸಾಲಾಗಿ ನಾಲ್ಕು. ನನ್ನ ಮೊಬೈಲಿನ ಬಿರುಕು ಬಿಟ್ಟ ಗಾಜಿನ ಮೇಲೆ ಎರಡು.

ಬೇರೆ ದಾರಿ ಕಾಣಲಿಲ್ಲ. ಕುರ್ಚಿಯ ಕಾಲಿನ ಹತ್ತಿರ ಕೂತು, ಅದರ ಬ್ಯಾಂಡೇಡನ್ನು ಮೆಲ್ಲಗೆ ಬಿಡಿಸಿ, ನನ್ನ ಬೆರಳಿಗೆ ಸುತ್ತಿಕೊಂಡು ಮಲಗಿದೆ.

ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಮಗಳ ಕೂಗು. “ಅಮ್ಮಾ! ಅಪ್ಪ ಕುರ್ಚಿದು ಬ್ಯಾಂಡೇಡ್ ಕದ್ದುಬಿಟ್ಟ!” ಅಮ್ಮನಿಗೆ ಹೇಳಿದ್ದು ಸಾಲದೆ ಪಕ್ಕದ ಮನೆಗೆ ಹೋಗಿ ಹೇಳಿದಳು, ಮೇಲಿನ ಮನೆಗೆ ಹೋಗಿ ಹೇಳಿದಳು. ಪ್ರತಿ ಮನೆಯಲ್ಲೂ ಕತೆ ಸ್ವಲ್ಪ ಸ್ವಲ್ಪ ಬೆಳೆದಿರಬೇಕು. ಅದಂತೂ ನನ್ನಿಂದಲೇ ಬಂದಿದ್ದು.

ಸಂಜೆ ಮೆಟ್ಟಿಲ ಹತ್ತಿರ ಆ ಹುಡುಗನ ಅಪ್ಪ ಎದುರಾದರು. ನಾನು ಈ ಸಲ ನಿಜವಾಗಿ ಕುಂಟುತ್ತಿದ್ದೆ. ಅವರು ನನ್ನ ಕಾಲಿನ ಕಡೆ ನೋಡಲೂ ಇಲ್ಲ.

“ಕುರ್ಚಿ ಈಗ ಹೇಗಿದೆ ಸಾರ್?” ಅಂದರು.