ಹೊಸಹಳ್ಳಿಗೆ ಪೌರತ್ವ ಸಿಕ್ಕಿದ್ದು

ನಮ್ಮ ಕಡೆ ಸರ್‌ನೇಮ್ ಅನ್ನೋ ವಸ್ತುವೇ ಇಲ್ಲ. ಊರ ಹೆಸರು, ಅಪ್ಪನ ಹೆಸರು, ಕೊನೆಗೆ ನಮ್ಮದು. ಕೋಲಾರದ ಸ್ಕೂಲಿನಲ್ಲಿ ಮೊದಲೆರಡೂ ಇನಿಷಿಯಲ್ ಆಗಿ ತೆಪ್ಪಗೆ ಕೂತಿದ್ದವು. ಪಾಸ್‌ಪೋರ್ಟ್ ಮಾಡಿಸುವಾಗ ಬಿಡಿಸಿ ಬರೆಯಬೇಕಾಯಿತು. ಏಜೆಂಟ್ ಮೂರನ್ನೂ ಗಿವನ್ ನೇಮ್ ಕಾಲಮ್ಮಿಗೆ ತುರುಕಿ ಸರ್‌ನೇಮ್ ಖಾಲಿ ಬಿಟ್ಟ. "ಏನೂ ಆಗಲ್ಲ ಬಿಡಿ ಸಾರ್" ಅಂದ. ಅವತ್ತಿನಿಂದ ಆಗುತ್ತಲೇ ಇದೆ.

ಮೆಲ್ಬರ್ನ್‌ಗೆ ಬಂದು ಪಿಆರ್‌ಗೆ, ಅಂದರೆ ಇಲ್ಲೇ ಕಾಯಂ ಆಗಿ ಇರೋ ವೀಸಾಗೆ, ಅರ್ಜಿ ಹಾಕಲು ಕೂತಾಗ ಆನ್‌ಲೈನ್ ಫಾರಂ ಸರ್‌ನೇಮ್ ಇಲ್ಲದೆ ಮುಂದಕ್ಕೆ ಹೋಗಲ್ಲ ಅಂತ ಹಟ ಹಿಡಿಯಿತು. ಮೂರನ್ನೂ ಎತ್ತಿ ಅಲ್ಲಿಗೆ ಹಾಕಿದೆ. ಹೀಗೆ ಆಸ್ಟ್ರೇಲಿಯಾ ಸರ್ಕಾರದ ಲೆಕ್ಕದಲ್ಲಿ ನನಗೆ ಹೆಸರೇ ಇಲ್ಲ, ಬರೀ ಸರ್‌ನೇಮು. ಅದೂ ಹೊಸಹಳ್ಳಿಯಿಂದ ಶುರು. ಕರ್ನಾಟಕದಲ್ಲಿ ಕಲ್ಲು ಎಸೆದರೆ ಒಂದು ಹೊಸಹಳ್ಳಿಗೆ ಬೀಳುತ್ತದೆ. ಇಲ್ಲಿ ನಾನೊಬ್ಬನೇ.

ಇಲ್ಲಿ ಎಲ್ಲಕ್ಕೂ ಪಾಯಿಂಟು. ಅರ್ಜಿ ಹಾಕೋಕೆ ಕನಿಷ್ಠ 65 ಬೇಕು. ನಿಜವಾಗಿ ಕರೆ ಬರೋಕೆ ಅದಕ್ಕಿಂತ ಜಾಸ್ತಿಯೇ ಬೇಕು. 25ರಿಂದ 32 ವರ್ಷದವರೆಗೆ ವಯಸ್ಸಿಗೆ 30 ಪಾಯಿಂಟು, 33 ತುಂಬಿದ ದಿನ 25. ಆ ವರ್ಷ ನನ್ನ ಹುಟ್ಟುಹಬ್ಬಕ್ಕೆ ಮನೆಯಲ್ಲಿ ಪಾಯಸ ಮಾಡಲಿಲ್ಲ. ಹೋದ ಐದನ್ನು ಇಂಗ್ಲಿಷಿನಲ್ಲಿ ಗಿಟ್ಟಿಸಬೇಕು ಅಂತ ಪರೀಕ್ಷೆಗೆ ಹೋದೆ. ಅದು ಮನುಷ್ಯರ ಜೊತೆ ಮಾತಾಡೋ ಪರೀಕ್ಷೆಯಲ್ಲ, ಕಂಪ್ಯೂಟರಿನ ಜೊತೆ. ಒಂದೇ ರೂಮಿನಲ್ಲಿ ಹತ್ತಾರು ಜನ ಹೆಡ್‌ಫೋನ್ ಹಾಕಿಕೊಂಡು ಒಟ್ಟಿಗೆ ಕಿರುಚುತ್ತಾರೆ. ಥೇಟ್ ಸಂತೆ. ಪಕ್ಕದವನು ಯಾವುದೋ ಬಾರ್ ಚಾರ್ಟನ್ನು ಎಷ್ಟು ಚೆನ್ನಾಗಿ ವರ್ಣಿಸುತ್ತಿದ್ದ ಅಂದರೆ, ನಾನು ನನ್ನ ಮುಂದಿದ್ದ ಮ್ಯಾಪ್ ಬಿಟ್ಟು ಅವನದ್ದನ್ನೇ ಹೇಳಿಬಿಟ್ಟೆ. ಎರಡನೇ ಸಲ ದುಡ್ಡು ಕಟ್ಟಿ ಪಾಸಾದೆ.

ಆಮೇಲೆ ಫಾರಂ 80. ಕಳೆದ ಹತ್ತು ವರ್ಷ ಎಲ್ಲೆಲ್ಲಿ ಇದ್ದೆ, ಏನು ಮಾಡುತ್ತಿದ್ದೆ, ಒಂದು ತಿಂಗಳೂ ಬಿಡದೆ ಬರೆಯಬೇಕು. ಬೆಂಗಳೂರಿನಲ್ಲಿ ನಾನು ಆರು ಪಿಜಿ ಬದಲಾಯಿಸಿದ್ದೆ. ಮಾರತಹಳ್ಳಿಯ ಪಿಜಿಯ ವಿಳಾಸ ಅದರ ಓನರ್ ಆಂಟಿಗೂ ಸರಿಯಾಗಿ ಗೊತ್ತಿರಲಿಲ್ಲ. "ಬೋಂಡಾ ಅಂಗಡಿ ಎದುರು ಸಂದಿ ಅಂತ ಬರಿಯಪ್ಪ, ಯಾರನ್ನ ಕೇಳಿದ್ರೂ ತೋರಿಸ್ತಾರೆ" ಅಂದರು. ಅದಕ್ಕಿಂತ ದೊಡ್ಡ ಕಷ್ಟ, ಎರಡು ಕೆಲಸದ ನಡುವೆ ಇದ್ದ ಮೂರು ತಿಂಗಳು. ಆಗ ಏನು ಮಾಡುತ್ತಿದ್ದೆ? ಊರಲ್ಲಿ ಸುಮ್ನೆ ಇದ್ದೆ. ಈ 'ಸುಮ್ನೆ ಇದ್ದೆ' ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಪದ ಹುಡುಕಿ ನೋಡಿ. ನಿರುದ್ಯೋಗಿ ಅಂತ ಬರೆದರೆ ಹೆಂಡತಿಗೆ ಅವಮಾನ, ರಜೆ ಅಂತ ಬರೆದರೆ ಯಾವ ಕೆಲಸಕ್ಕೆ ರಜೆ ಅಂತ ಕೇಳುತ್ತಾರೆ. ಕೊನೆಗೆ 'ತಂದೆಗೆ ಹೊಲದಲ್ಲಿ ನೆರವು' ಅಂತ ಬರೆದೆ. ಅಪ್ಪ ಇದ್ದಿದ್ದರೆ ನಕ್ಕುಬಿಡುತ್ತಿದ್ದರು.

ಮೆಡಿಕಲ್‌ನಲ್ಲಿ ಎದೆಯ ಎಕ್ಸ್‌ರೇ. ನರ್ಸ್ ಹೊರಗೆ ಬಂದು "ಮಿಸ್ಟರ್ ಹೋಸಾಲಿ" ಅಂತ ಮೂರು ಸಲ ಕೂಗಿದಳು. ಪಾಪ ಯಾರೋ ಇಟಲಿಯವನು ಟಾಯ್ಲೆಟ್‌ಗೆ ಹೋಗಿರಬೇಕು ಅಂದುಕೊಂಡು ನಾನೂ ಅತ್ತಿತ್ತ ನೋಡಿದೆ. ಮುಕ್ಕಾಲು ಗಂಟೆ ಆದಮೇಲೆ ಗೊತ್ತಾಯಿತು, ಆ ಇಟಲಿಯವನು ನಾನೇ.

ಪಿಆರ್ ಬಂತು, ಮರುವರ್ಷ ಮಗಳು ಹುಟ್ಟಿದಳು. ಹುಟ್ಟಿದಾಗ ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಪಿಆರ್ ಇದ್ದರೂ ಸಾಕು, ಇಲ್ಲಿ ಹುಟ್ಟಿದ ಮಗು ಆಸ್ಟ್ರೇಲಿಯಾ ಪ್ರಜೆ. ಪಾಯಿಂಟಿಲ್ಲ, ಫಾರಂ 80 ಇಲ್ಲ, ಸುಮ್ಮನೆ ಅತ್ತಳು, ಅಷ್ಟೇ. ನಾನು ಮಾತ್ರ ಪೌರತ್ವದ ಅರ್ಜಿಯನ್ನು ಮುಂದಕ್ಕೆ ಹಾಕುತ್ತಲೇ ಇದ್ದೆ. ಬೇರೆ ದೇಶದ ಪೌರತ್ವ ತೆಗೆದುಕೊಂಡ ಗಳಿಗೆ ನಮ್ಮ ದೇಶದ್ದು ಹೋಗುತ್ತದೆ, 1955ರ ಕಾಯ್ದೆ. ಹೊರದೇಶದ ಪ್ರಜೆಯಾದ ಭಾರತೀಯ ಮೂಲದವರಿಗೆ ಕೊಡೋ ಒಸಿಐ ಕಾರ್ಡ್ ಸಿಗುತ್ತದೆ, ಸರಿ. ಆದರೆ ಓಟಿಲ್ಲ, ಹೊಲ ಕೊಳ್ಳೋ ಹಾಗಿಲ್ಲ. ನಾನು ಹೊಲ ಕೊಳ್ಳೋ ಗಿರಾಕಿಯೇನಲ್ಲ, ಆದರೂ ಕೊಳ್ಳಬಾರದು ಅಂದ ತಕ್ಷಣ ಎಲ್ಲಿಲ್ಲದ ಆಸೆ ಬಂತು. ಆರು ವರ್ಷದ ಮಗಳು ಒಂದು ದಿನ, "ಅಪ್ಪಾ, ನೀನಿನ್ನೂ ವಿಸಿಟರ್ರಾ?" ಅಂತ ಕೇಳಿದ ಮೇಲೆ ಅರ್ಜಿ ಹಾಕಿದೆ.

ಪರೀಕ್ಷೆ ಸುಲಭ. 20 ಪ್ರಶ್ನೆ, 45 ನಿಮಿಷ, 15 ಸರಿ ಇರಬೇಕು. 2020ರಿಂದ ಅದರಲ್ಲಿ ಆಸ್ಟ್ರೇಲಿಯಾದ ಮೌಲ್ಯಗಳ ಬಗ್ಗೆ ಐದು ಪ್ರಶ್ನೆ ಸೇರಿಸಿದ್ದಾರೆ, ಆ ಐದಕ್ಕೆ ಐದೂ ಸರಿ ಇರಲೇಬೇಕು. ಹೆಂಡತಿ ಏಳು ನಿಮಿಷಕ್ಕೆ ಎದ್ದು ಹೊರಟಳು. ನಾನು ಎಸ್ಸೆಸ್ಸೆಲ್ಸಿ ಅಭ್ಯಾಸ, ಪ್ರತಿ ಉತ್ತರವನ್ನೂ ಮೂರು ಸಲ ಓದಿ ನಲವತ್ತನೇ ನಿಮಿಷಕ್ಕೆ ಹೊರಗೆ ಬಂದೆ. "ಏನ್ರೀ, ಸಂವಿಧಾನ ತಿದ್ದುಪಡಿ ಮಾಡ್ತಿದ್ರಾ?" ಅಂದಳು.

ಪ್ರಮಾಣವಚನಕ್ಕೆ ನಮ್ಮ ಕೌನ್ಸಿಲ್‌ನವರು ಕೊಟ್ಟ ದಿನ ಜನವರಿ 26. ಇಲ್ಲಿ ಅದು ಆಸ್ಟ್ರೇಲಿಯಾ ಡೇ. ನಮಗೆ ಅದು ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಸ್ಕೂಲಿನಲ್ಲಿ ಹನ್ನೆರಡು ವರ್ಷ ಅದೇ ದಿನ ಬಿಸಿಲಲ್ಲಿ ನಿಂತು ಬೂಂದಿ ತಿಂದವನು ನಾನು. ಬೇರೆ ದಿನ ಕೇಳೋಣ ಅಂದೆ. "ಮತ್ತೆ ಯಾವಾಗ ಕರೀತಾರೋ" ಅಂದಳು ಹೆಂಡತಿ. 38 ಡಿಗ್ರಿ ಸೆಕೆಯಲ್ಲಿ ಅವಳು ರೇಷ್ಮೆ ಸೀರೆ, ನಾನು ಕೋಟು. ಪ್ರಮಾಣದಲ್ಲಿ ಎರಡು ಬಗೆ, ದೇವರ ಹೆಸರಿರೋದು, ಇಲ್ಲದ್ದು. ಅಮ್ಮನಿಗೆ ಗೊತ್ತಾದರೆ ಬೈಯುತ್ತಾರೆ ಅಂತ ದೇವರ ಗುಂಪಿಗೆ ಸೇರಿದೆ.

ಮೇಯರ್ ಒಬ್ಬೊಬ್ಬರನ್ನೇ ಕರೆದರು. "ಹೋಸಾಲಿ" ಅಂದರು. ಈ ಸಲ ನಾನು ಹುಷಾರು, ತಟ್ಟನೆ ಎದ್ದೆ. ಅವರು ಅಲ್ಲಿಗೆ ನಿಲ್ಲಿಸದೆ ಅಪ್ಪನ ಹೆಸರನ್ನೂ ಹೆಣಗಾಡಿ ಓದಿದರು. ನನ್ನ ಹೆಸರಿಗೆ ಬರುವಷ್ಟರಲ್ಲಿ ಜನ ಚಪ್ಪಾಳೆ ಹೊಡೆದುಬಿಟ್ಟಿದ್ದರು. ಸರ್ಟಿಫಿಕೇಟ್ ಜೊತೆ ಒಂದು ಪುಟ್ಟ ಗಿಡ ಕೈಗಿಟ್ಟರು. ಇಲ್ಲಿಯ ನೆಲದ ಗಿಡ, ಹೊಸ ಪ್ರಜೆಗಳಿಗೆ ಕಾಣಿಕೆ. ಬೆಳ್ಳಿ ಬಣ್ಣದ ದುಂಡನೆಯ ಎಲೆ, ನೋಡೋಕೆ ಮುದ್ದಾಗಿತ್ತು.

ಮನೆಗೆ ಬಂದು ಸಂಜೆ ನಾಲ್ಕಕ್ಕೆ ಅಮ್ಮನಿಗೆ ವಿಡಿಯೊ ಕಾಲ್ ಮಾಡಿದೆ. ಅಲ್ಲಿ ಬೆಳಿಗ್ಗೆ ಹತ್ತೂವರೆ. ಹಿಂದೆ ಟಿವಿಯಲ್ಲಿ ಡೆಲ್ಲಿ ಪೆರೇಡ್ ಶುರುವಾಗಿತ್ತು. ಅಮ್ಮ ಒಂದು ಕಣ್ಣು ಅಲ್ಲಿಟ್ಟು "ಆಯ್ತಾ?" ಅಂದರು. ಆಯ್ತು ಅಂದೆ. "ಏನ್ ಕೊಟ್ರು?" ಗಿಡ ತೋರಿಸಿದೆ.

"ಹೆಸರೇನು?"

ಕುಂಡಕ್ಕೆ ಸಿಕ್ಕಿಸಿದ್ದ ಚೀಟಿಯನ್ನು ಆಗಲೇ ನಾನು ಓದಿದ್ದು. ಯೂಕಲಿಪ್ಟಸ್ ಅಂತ ಶುರುವಾಗುತ್ತಿತ್ತು. ಓದಿ ಸುಮ್ಮನಾದೆ. ನಮ್ಮ ಭಾಷೆಯಲ್ಲಿ ನೀಲಗಿರಿ. ಎಂಬತ್ತರ ದಶಕದಲ್ಲಿ ಕೋಲಾರದ ಊರೂರಲ್ಲಿ ರಾಗಿ ಹೊಲ ಕಿತ್ತು ಅದನ್ನು ನೆಟ್ಟರಲ್ಲ, ಅಪ್ಪನೂ ಎರಡೆಕರೆ ನೆಟ್ಟಿದ್ದರು. ಬಾವಿ ಬತ್ತಿದ್ದು ಅದರಿಂದಲೇ ಅಂತ ಅಮ್ಮ ಅಪ್ಪನನ್ನು ಕೊನೆಯವರೆಗೂ ಬಿಡಲಿಲ್ಲ. ಸರ್ಕಾರ ಇನ್ನು ನೆಡಬೇಡಿ ಅಂದಿದ್ದು 2017ರಲ್ಲಿ. ಅಷ್ಟರಲ್ಲಿ ಈ ಆಸ್ಟ್ರೇಲಿಯಾದ ಮರ ಒಂದೂ ಪರೀಕ್ಷೆ ಬರೆಯದೆ ಹೊಸಹಳ್ಳಿಯಲ್ಲಿ ಪಿಆರ್ ತೆಗೆದುಕೊಂಡಾಗಿತ್ತು.

"ಹೇಳೋ, ಏನ್ ಗಿಡ?"

"ನೀಲಗಿರಿ ಅಮ್ಮ."

ಅಮ್ಮ ಟಿವಿ ಸೌಂಡ್ ಕಮ್ಮಿ ಮಾಡಿದರು. "ಹನ್ನೆರಡು ವರ್ಷ ಕಾದು, ಅಷ್ಟು ದುಡ್ಡು ಸುರಿದು ಇದನ್ನ ತಂದ್ಯಾ? ನಮ್ಮ ಹೊಲದ್ದೇ ಬೊಡ್ಡೆ ಕಿತ್ತಾಕಕ್ಕೆ ಜೆಸಿಬಿ ಕರೆಸಿದೀನಿ ಕಣಪ್ಪ, ಒಂದು ಮಾತು ಹೇಳಿದ್ರೆ ಕಳಿಸ್ತಿದ್ನಲ್ಲ."