ಹಳೆಯ ಬಗ್ಗಿಯನ್ನು ಕೊರೆಯಬೇಡಿ, ಹೊಸ ಗಾಲಿಗೆ ಬಳೆ ತೊಡಿಸಿ

ಮೊನ್ನೆ ಗೆಳೆಯರೊಬ್ಬರು ತಮ್ಮ ಹಳೆಯ ರಿಮೋಟ್ ಬಗ್ಗಿಯ, ಅಂದರೆ ಮಣ್ಣಿನಲ್ಲಿ ಓಡಿಸುವ ಪುಟ್ಟ ರಿಮೋಟ್ ಕಾರಿನ, ಚಿತ್ರ ಕಳುಹಿಸಿದ್ದರು. "ಹಿಂಬದಿಯ ಹೊಸ ಗಾಲಿ ಕೂರಲಿಲ್ಲ, ಅಚ್ಚನ್ನೇ ಸ್ವಲ್ಪ ಉಜ್ಜಿ ಕೂರಿಸಿದೆ" ಎಂದು ಹೆಮ್ಮೆಯಿಂದ ಬರೆದಿದ್ದರು. ನನಗೆ ಆ ರಾತ್ರಿ ಊಟ ಸೇರಲಿಲ್ಲ. ನಲವತ್ತು ವರ್ಷ ತಾಳಿದ ಉಕ್ಕಿನ ಅಚ್ಚು, ಅಂಗಡಿಯಲ್ಲಿ ಜೊತೆಗಟ್ಟಲೆ ಸಿಗುವ ಪ್ಲಾಸ್ಟಿಕ್ ಗಾಲಿಗಾಗಿ ಅರದ ಬಾಯಿಗೆ ಹೋಯಿತು.

ಆದರೆ ಬೈಯುವ ಅಧಿಕಾರ ನನಗಿಲ್ಲ. ನಾನೂ ಇದನ್ನೇ ಮಾಡಿದವನು.

ನನ್ನ ಬಗ್ಗಿ 1987ರಲ್ಲಿ ಮಸ್ಕತ್‌ನಿಂದ ಸೋದರಮಾವನ ಸೂಟ್‌ಕೇಸಿನಲ್ಲಿ ಹುಬ್ಬಳ್ಳಿಗೆ ಬಂದದ್ದು. ಯಾವ ಮಾದರಿ ಎಂದು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಸಂಜೆಯೊಳಗೆ ಮೂವರು ಬೆಲೆ ಕೇಳುತ್ತಾರೆ. ಮೂರು ದಶಕ ಅಟ್ಟದ ಮೇಲೆ ತನ್ನದೇ ಗಾಲಿಗಳ ಮೇಲೆ ನಿಂತಿತ್ತು. ಇಳಿಸಿದಾಗ ಟೈರುಗಳ ಕೆಳಭಾಗ ರೊಟ್ಟಿಯಂತೆ ಚಪ್ಪಟೆಯಾಗಿತ್ತು, ಪಕ್ಕದ ಗೋಡೆಗಳು ಬೇಸಿಗೆಯ ಎರೆ ಹೊಲದಂತೆ ಬಿರಿದಿದ್ದವು. ಗಾಳಿಯಲ್ಲಿರುವ ಓಝೋನ್ ಸಾಕು, ರಬ್ಬರು ನಿಂತಲ್ಲೇ ಸೀಳುತ್ತದೆ. ಎಣ್ಣೆ ಸವರಿದರೆ ಮೃದುವಾಗುತ್ತದೆ ಎಂದು ಯಾರೋ ಹೇಳಿದ್ದನ್ನು ಕೇಳಬೇಡಿ, ಇನ್ನಷ್ಟು ಉಬ್ಬಿ ಹಾಳಾಗುತ್ತದೆ. (ಅಟ್ಟದಲ್ಲಿ ಇಡಲೇಬೇಕಿದ್ದರೆ ಹೊಟ್ಟೆಯ ಕೆಳಗೊಂದು ಮರದ ತುಂಡು ಕೊಟ್ಟು ಗಾಲಿಗಳನ್ನು ನೆಲದಿಂದ ಎತ್ತಿ ಇಡಿ.)

ಆನ್‌ಲೈನಿನಲ್ಲಿ "ಎಲ್ಲ ಒಂದಕ್ಕೆ ಹತ್ತರ ಅಳತೆಯ ಬಗ್ಗಿಗಳಿಗೂ ಸರಿಹೊಂದುತ್ತದೆ" ಎಂಬ ಮಾತು ನಂಬಿ ನಾಲ್ಕು ಗಾಲಿ ತರಿಸಿದೆ. ನಿಜವಾದ ಕಾರಿನ ಹತ್ತರಲ್ಲಿ ಒಂದು ಭಾಗ ಎಂಬುದು ಬಗ್ಗಿಯ ಅಳತೆ, ಗಾಲಿಯ ತೂತಿನ ಅಳತೆಯಲ್ಲ. ಈ ಸರಳ ವಿಷಯ ತಿಳಿಯಲು ನನಗೆ ಒಂದು ಗಾಲಿ ಖರ್ಚಾಯಿತು, ಅದೂ ಮೂಲ ಗಾಲಿ.

ಎಂಬತ್ತರ ದಶಕದಲ್ಲಿ ಒಬ್ಬೊಬ್ಬ ತಯಾರಕರದು ಒಂದೊಂದು ಲೆಕ್ಕ. ಜಪಾನಿನ ತಮಿಯಾ 1984ರಲ್ಲಿ ಗ್ರಾಸ್‌ಹಾಪರ್ ಮತ್ತು ಹಾರ್ನೆಟ್ ಬಗ್ಗಿಗಳನ್ನು ತಂದಿತು, ಎಲ್ಲವೂ ಮಿಲಿಮೀಟರ್. ಅದೇ ವರ್ಷ ಅಮೆರಿಕದ ಟೀಮ್ ಅಸೋಸಿಯೇಟೆಡ್ ಆರ್‌ಸಿ10 ತಂದಿತು, ಅದು ಇಂಚಿನ ಮನೆತನ. ಅದರ ಮುಂದಿನ ಅಚ್ಚು ಇಂಚಿನ ಹದಿನಾರರಲ್ಲಿ ಮೂರು ಭಾಗ, ಅಂದರೆ 4.76 ಮಿ.ಮೀ. ಅದಕ್ಕೆ 5 ಮಿ.ಮೀ. ಒಳವ್ಯಾಸದ ಬೇರಿಂಗ್ ತೊಡಿಸಿದರೆ ಸಲೀಸಾಗಿ ಒಳಗೆ ಹೋಗುತ್ತದೆ. ಹೋದದ್ದೇ ಮೋಸ. ಕಾಲು ಮಿಲಿಮೀಟರ್ ಸಡಿಲವೆಂದರೆ ಕಣ್ಣಿಗೆ ಕಾಣುವುದಿಲ್ಲ, ಓಡುವಾಗ ಗಾಲಿ ಕುಡುಕನಂತೆ ತೂರಾಡುತ್ತದೆ.

ಇಂದು ಅಂಗಡಿಯಲ್ಲಿ ಸಿಗುವ ಬಗ್ಗಿ ಗಾಲಿಗಳದು ಹೆಚ್ಚಾಗಿ 2.2 ಇಂಚಿನ ರಿಮ್, ಸುಮಾರು 56 ಮಿ.ಮೀ. ಹಳೆಯವು ಅನೇಕ ಇದಕ್ಕಿಂತ ಚಿಕ್ಕವು, ಆದ್ದರಿಂದ ಹೊಸ ಟೈರು ಹಳೆಯ ರಿಮ್ಮಿನ ಮೇಲೆ ಅಣ್ಣನ ಅಂಗಿಯಂತೆ ಜೋಲುತ್ತದೆ. 2.2 ಎಂದು ಬರೆದದ್ದೆಲ್ಲ ಬಗ್ಗಿಯದೂ ಅಲ್ಲ. ಬಂಡೆ ಹತ್ತುವ ಕ್ರಾಲರ್ ಗಾಲಿಗೂ ಅದೇ ಸಂಖ್ಯೆ, ಆದರೆ ಅದರ ಅಗಲ, ಭಾರ ಬೇರೆ. ದೊಡ್ಡ ಗಾಲಿ ಹಾಕಿದರೆ ಮೋಟಾರು ಸೈಕಲ್ಲಿನ ಕೊನೆಯ ಗೇರಿನಲ್ಲಿ ಏರು ಹತ್ತಿದಂತಾಗುತ್ತದೆ. ಹಳೆಯ ಮೋಟಾರು ಕಾದು ವಾಸನೆ ಬರುವ ಮುಂಚೆ ಹಲ್ಲುಚಕ್ರ ಬದಲಾಯಿಸಬೇಕು.

ಹಿಂಬದಿ ಗಾಲಿಗಳಿಗೆ ಈಗ ಅಚ್ಚಿನ ಜೊತೆ ಗಾಲಿಯನ್ನು ತಿರುಗಿಸುವ 12 ಮಿ.ಮೀ. ಆರು ಮೂಲೆಯ ಬಿಲ್ಲೆ ಸಾಮಾನ್ಯವಾಗಿರುವುದರಿಂದ ಅಲ್ಲಿ ಹೇಗೋ ದಾರಿ ಸಿಗುತ್ತದೆ. ಮುಂದಿನದೇ ತಕರಾರು. ಹಿಂಬದಿ ಗಾಲಿಗಳಷ್ಟೇ ಓಡಿಸುವ ಹಳೆಯ ಬಗ್ಗಿಯಲ್ಲಿ ಮುಂದಿನ ಗಾಲಿ ಸುಮ್ಮನೆ ತಿರುಗುತ್ತದೆ, ಬೇರಿಂಗ್ ಗಾಲಿಯ ಹೊಟ್ಟೆಯೊಳಗೇ ಕೂರುತ್ತದೆ. ಇಂದಿನ ಗಾಲಿಗಳು ಅನೇಕ ಮುಂದೆಯೂ ಷಟ್ಕೋನದ ಗೂಡು ಹೊತ್ತು ಬರುತ್ತವೆ. ಗುಂಡು ಬೇರಿಂಗ್ ಎಲ್ಲಿ ಕೂರಬೇಕು?

ನಾನು ಕೈ ಡ್ರಿಲ್ ಹಿಡಿದೆ. ಹೊಸ ಗಾಲಿಯ ಗೂಡನ್ನು ಕೊರೆದರೆ ತೆಳ್ಳಗಾಗುತ್ತದೆಂದು ಹಳೆಯ ಗಾಲಿಯನ್ನೇ ದೊಡ್ಡ ಬೇರಿಂಗಿಗೆ ಕೊರೆಯಲು ಹೋದೆ. ನೇರ ತಪ್ಪಿತು. ಮೂವತ್ತು ವರ್ಷ ಸೋದರಮಾವನ ಹೆಸರಿನಲ್ಲಿ ಕಾಪಾಡಿದ ಗಾಲಿ ಅರ್ಧ ನಿಮಿಷದಲ್ಲಿ ಸೊಟ್ಟಗಾಯಿತು.

ಅದನ್ನು ಹಿಡಿದು ಗೋಕುಲ ರಸ್ತೆಯ ಒಂದು ಲೇತ್ ಅಂಗಡಿಗೆ ಹೋದೆ. ಅಲ್ಲಿನ ಹಿರಿಯರ ತಂದೆ ಅಣ್ಣಿಗೇರಿ ಕಡೆ ಚಕ್ಕಡಿ ಮಾಡುತ್ತಿದ್ದ ಬಡಿಗರಂತೆ. ಗಾಲಿಯನ್ನು ತಿರುಗಿಸಿ ನೋಡಿ, "ಚಕ್ಕಡಿ ಗಾಲಿ ಅಲುಗಾಡಿದರೆ ನಡುವಿನ ಕಬ್ಬಿಣದ ಬಳೆ ಬದಲಾಯಿಸುತ್ತೇವೆ. ಗಾಲಿಯನ್ನು ಯಾರು ಅಗೆಯುತ್ತಾರೆ?" ಎಂದರು. ನಾನು ಅವರ ಮುಖ ನೋಡದೆ ವರ್ನಿಯರ್ ಕ್ಯಾಲಿಪರ್ ನೋಡುತ್ತಾ ನಿಂತೆ.

ಅವರು ಮಾಡಿಕೊಟ್ಟದ್ದು ಒಂದು ಅಲ್ಯೂಮಿನಿಯಂ ಬಳೆ. ಹೊರಗೆ 12 ಮಿ.ಮೀ. ಷಟ್ಕೋನ, ಹೊಸ ಗಾಲಿಯ ಗೂಡಿಗೆ ತಕ್ಕಂತೆ. ಒಳಗೆ ಬೇರಿಂಗಿಗೆ ಗುಂಡು ಗೂಡು. ಮೊದಲು 11 ಮಿ.ಮೀ. ಹೊರವ್ಯಾಸದ ಬೇರಿಂಗ್ ಕೊಟ್ಟೆ. ಅವರು ನಕ್ಕರು. ಗೋಡೆಗೆ ಉಳಿಯುವುದು ಅರ್ಧ ಮಿಲಿಮೀಟರ್, ಹಪ್ಪಳದಂತೆ ಮುರಿಯುತ್ತದೆ. 8 ಮಿ.ಮೀ.ಯದು ಹಾಕಿದಾಗ ಸುತ್ತಲೂ 2 ಮಿ.ಮೀ. ಗೋಡೆ ಸಿಕ್ಕಿತು. ಅದರ ಒಳತೂತು 5 ಮಿ.ಮೀ., ನನ್ನ ಅಚ್ಚಿಗೆ ಸರಿಯಾಗಿ. ಬಗ್ಗಿಯಲ್ಲಿ ಒಂದು ಗೀರೂ ಬೀಳಲಿಲ್ಲ. ನಾಳೆ ಮೂಲ ಗಾಲಿ ಸಿಕ್ಕರೆ ಒಂದು ನಟ್ ಬಿಚ್ಚಿದರೆ ಮುಗಿಯಿತು.

ನನ್ನ ಹಟ ಇಷ್ಟೇ: ಮಾಡಿದ್ದನ್ನು ಹಿಂತಿರುಗಿ ಬಿಚ್ಚಲು ಬರಬೇಕು. ಮೂಲ ಗಾಲಿಯಲ್ಲದೆ ಓಡಿಸಲೇಬಾರದು ಎನ್ನುವ ಮಡಿವಂತರ ಜೊತೆಗೂ ನಾನಿಲ್ಲ. ಗಾಜಿನ ಕಪಾಟಿನಲ್ಲಿಟ್ಟು ಪೂಜೆ ಮಾಡಲು ಅದೇನು ಉತ್ಸವ ಮೂರ್ತಿಯೇ? ಮೂಲದ್ದನ್ನು ಡಬ್ಬದಲ್ಲಿಡಿ, ಸಾಮಾನ್ಯ ಗಾಲಿಯಲ್ಲಿ ಓಡಿಸಿ. ಅದಕ್ಕೂ ಮುಂಚೆ ನಿಮ್ಮ ಮಾದರಿ ಮರುಬಿಡುಗಡೆಯಾಗಿದೆಯೇ ನೋಡಿ. ಹಾರ್ನೆಟ್ 2004ರಲ್ಲಿ, ಗ್ರಾಸ್‌ಹಾಪರ್ 2005ರಲ್ಲಿ ಮತ್ತೆ ಬಂದವು. ಅಂಥವರಿಗೆ ಗಾಲಿ, ಟೈರು ಬಿಡಿಭಾಗವಾಗಿಯೇ ಸಿಗುತ್ತವೆ, ಲೇತ್ ಅಂಗಡಿಯ ಮಾತು ಕೇಳಬೇಕಿಲ್ಲ.

ತ್ರೀಡಿ ಪ್ರಿಂಟರಿನಲ್ಲಿ ಮುದ್ರಿಸಿದ ಗಾಲಿಯ ಆಸೆ ನನಗೂ ಇತ್ತು. ವಿದ್ಯಾನಗರದ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಪಿಎಲ್‌ಎ ಪ್ಲಾಸ್ಟಿಕ್ಕಿನಲ್ಲಿ ಅಂದವಾದ ರಿಮ್ ಮುದ್ರಿಸಿಕೊಟ್ಟ. ಏಪ್ರಿಲ್ ಮಧ್ಯಾಹ್ನ ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟುಬಂದೆ. ಪಿಎಲ್‌ಎ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ಸಂಜೆ ನೋಡಿದರೆ ರಿಮ್ ಎಲೆಯಡಿಕೆ ಜಗಿದವನ ಬಾಯಿಯಂತೆ ಸೊಟ್ಟಗಾಗಿತ್ತು.

ಇನ್ನು ಟೈರಿನ ಮುಳ್ಳು. ಧಾರವಾಡದ ಕಡೆಯ ಮಸಾರಿ ನೆಲದಲ್ಲಿ ಮುಳ್ಳಿನ ಟೈರು ಒಣ ಧೂಳು ಎಬ್ಬಿಸುತ್ತಾ ಚೆನ್ನಾಗಿ ಕಚ್ಚುತ್ತದೆ. ಅದೇ ಧೈರ್ಯದಲ್ಲಿ ಕಳೆದ ಭಾನುವಾರ ಮಳೆ ನಿಂತ ಮೇಲೆ ಗದಗ ರಸ್ತೆಯ ಬದಿಯ ಎರೆ ಹೊಲದ ಬದುವಿನಲ್ಲಿ ಬಿಟ್ಟೆ. ಹತ್ತು ಮಾರು ಓಡಿತು. ಆಮೇಲೆ ನಾಲ್ಕೂ ಗಾಲಿ ನಾಲ್ಕು ಕಪ್ಪು ಉಂಡೆ. ಅಲ್ಯೂಮಿನಿಯಂ ಬಳೆಗಳಿಗೆ ಏನೂ ಆಗಿಲ್ಲ. ನಾನು ಇಂದೂ ಬೇವಿನ ಕಡ್ಡಿ ಹಿಡಿದು ಒಂದೊಂದೇ ಮುಳ್ಳಿನ ನಡುವಿನ ಮಣ್ಣು ಕೆದಕುತ್ತಾ ಕುಳಿತಿದ್ದೇನೆ.